ಎರಡನೆಯ ಸಲ ಉಪ್ಪು ಕೇಳದವರು

ನಮ್ಮ ಅಳಿಯಂದಿರು ಉಪ್ಪನ್ನು ಒಂದೇ ಸಲ ಕೇಳುವವರು. ಆ ಒಂದು ಸಲ ಯಾರ ಕಿವಿಗಾದರೂ ಬಿತ್ತೋ, ಉಪ್ಪು ಬರುತ್ತದೆ. ಬೀಳಲಿಲ್ಲವೋ, ತಟ್ಟೆಯಲ್ಲಿದ್ದದ್ದು ಎಷ್ಟೇ ಸಪ್ಪೆಯಾಗಿರಲಿ, ಮೆಲುಕು ಹಾಕುವ ಹಸುವಿನ ಸಮಾಧಾನದಿಂದ ಕೊನೆಯ ತುತ್ತಿನವರೆಗೂ ಉಂಡು, "ಚೆನ್ನಾಗಿತ್ತು ಅತ್ತೆ" ಎಂದು ಹೇಳಿ ಏಳುತ್ತಾರೆ. ಈ ಸಂಗತಿ ನನಗೆ ತಿಳಿದದ್ದು, ಅಡುಗೆಗೆ ಉಪ್ಪು ಹಾಕುವುದನ್ನೇ ನಾನು ಮರೆತ ಒಂದು ಮಧ್ಯಾಹ್ನ. ಅವರು ಉಂಡು ಹೋದ ಮೇಲೆ ನನ್ನ ತಟ್ಟೆ ಹಾಕಿಕೊಂಡು ಕೂತು, ಮೊದಲ ತುತ್ತು ಬಾಯಿಗಿಟ್ಟವಳು, ಅದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಹಾಗೇ ಕೂತುಬಿಟ್ಟೆ. ಆಮೇಲೆ ಎದ್ದು ಅವರ ಕೋಣೆಯ ಬಾಗಿಲಿಗೆ ಹೋದೆ.

"ಅಲ್ಲಾ ಅಳಿಯಂದ್ರೇ, ಉಪ್ಪೇ ಇರ್ಲಿಲ್ವಲ್ಲ! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ದೆ ಅತ್ತೆ. ನೀವು ಒಲೆ ಕಡೆ ತಿರುಗಿದ್ರಿ."

"ಇನ್ನೊಂದು ಸಲ ಹೇಳೋದಪ್ಪ!"

ಕಳ್ಳತನ ಮಾಡಲು ಹೇಳಿಕೊಟ್ಟವಳನ್ನು ನೋಡುವಂತೆ ಅವರು ನನ್ನನ್ನು ನೋಡಿದರು.

ಇಂಥವರ ಹೊಟ್ಟೆಪಾಡು ಯಾವುದೆಂದು ಕೇಳಿದರೆ ನೀವೂ ನನ್ನ ಹಾಗೆ ಬೆಪ್ಪಾಗುತ್ತೀರಿ. ಉತ್ತರ ಕೊಡದವರಿಗೆ ಮತ್ತೆ ಮತ್ತೆ ಬರೆಯುವುದೇ ಅವರ ಕಸುಬು. ಹಲ್ಲಿನ ಡಾಕ್ಟರುಗಳ ಕುರ್ಚಿ ಮಾರುವ ಕಂಪನಿಯಲ್ಲಿ ಅವರು ಕೆಲಸ ಮಾಡುತ್ತಾರೆ. ಕುರ್ಚಿಯೆಂದರೆ ನಾವು ನೀವು ಕೂರುವ ನಾಲ್ಕು ಕಾಲಿನದಲ್ಲ. ಏಳುವ, ಇಳಿಯುವ, ರೋಗಿಯನ್ನು ಕೂಸಿನಂತೆ ಹಿಂದಕ್ಕೆ ಒರಗಿಸಿ, ದೀಪವನ್ನೂ ನೀರನ್ನೂ ಡಾಕ್ಟರ ಕೈಯಳತೆಗೆ ತಂದುಕೊಡುವ ದೊಡ್ಡ ಯಂತ್ರ. ಅದನ್ನು ಯಾರೂ ಒಂದೇ ಭೇಟಿಯಲ್ಲಿ ಕೊಳ್ಳುವುದಿಲ್ಲ. ಹೋಗಿ ತೋರಿಸಿ ಬರಬೇಕು, ಅವರು "ನೋಡೋಣ" ಅನ್ನುತ್ತಾರೆ, ಆ "ನೋಡೋಣ" ಎಂಬ ಮಾತಿಗೆ ಜೀವವಿದೆಯೋ ಇಲ್ಲವೋ ಎಂದು ತಿಳಿಯಲು ಮೇಲಿಂದ ಮೇಲೆ ಮೇಲ್ ಬರೆಯುತ್ತಿರಬೇಕು. ಹೀಗೆ ಬರೆಯುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಆಫೀಸಿನವರು ಇಟ್ಟ ಅಡ್ಡಹೆಸರೇ "ಮತ್ತೊಮ್ಮೆ". ಮನೆಗೆ ಫೋನು ಮಾಡಿದವರು ನಗೆಯನ್ನು ಅದುಮಿಕೊಂಡು ಕೇಳುತ್ತಾರೆ: "ಮತ್ತೊಮ್ಮೆ ಸಾಹೇಬ್ರು ಇದಾರಾ ಅಮ್ಮ?"

ಅವರ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಎಡ ಭುಜವನ್ನು ಮುಂದೆ ಮಾಡಿ, ಅರ್ಧ ತೆರೆದ ಬಾಗಿಲಲ್ಲಿ ನುಸುಳುವವರಂತೆ, ಎಷ್ಟೇ ಅಗಲವಾದ ಬೀದಿಯಲ್ಲೂ ಓರೆಯಾಗಿಯೇ ನಡೆಯುತ್ತಾರೆ. ಪೂರಾ ತೆರೆದ ಬಾಗಿಲನ್ನು ಅಪರೂಪಕ್ಕೆ ಕಾಣುವ ವೃತ್ತಿ ಮೈಗೆ ಕಲಿಸಿಕೊಟ್ಟ ಭಂಗಿ ಅದಿರಬೇಕು. ಮಾತಿನ ಕೊನೆಗೆ "ನಿಮ್ಮ ಅನುಕೂಲ ನೋಡ್ಕೊಂಡು" ಎಂದು ಸೇರಿಸುವುದು ಇನ್ನೊಂದು ಚಟ. ನಲ್ಲಿ ರಿಪೇರಿಯವನಿಗೂ ಅದೇ, ದಾರಿಗಡ್ಡ ಮಲಗಿದ ನಾಯಿಗೂ ಅದೇ: "ಏಳಪ್ಪಾ, ನಿನ್ನ ಅನುಕೂಲ ನೋಡ್ಕೊಂಡು." ನಾಯಿ ಏಳುವವರೆಗೂ ಕಾಯುತ್ತಾರೆ.

ಇನ್ನು ಆ ಕೋಟು. ಕಂದು ಬಣ್ಣದ್ದು, ಮೊಣಕೈ ಹತ್ತಿರ ಸವೆದು ಹೊಳೆಯುತ್ತದೆ. ಹೊರಗೆ ಹೋಗುವಾಗ ಹಾಕುತ್ತಾರೋ ಬಿಡುತ್ತಾರೋ, ಮನೆಯಲ್ಲಿ ಮೇಲ್ ಬರೆಯಲು ಕೂತರೆ ಮಾತ್ರ ಪೈಜಾಮದ ಮೇಲೆಯೇ ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ಆಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಕೆಳಗೆ ನಿದ್ದೆಯ ಉಡುಪು, ಮೇಲೆ ಸಭೆಯ ಉಡುಪು! ಮೊದಲ ಸಲ ನೋಡಿ ಇವರಿಗೆ ಜ್ವರ ಬಂದಿರಬೇಕೆಂದು ಹಣೆ ಮುಟ್ಟಲು ಹೋಗಿದ್ದೆ.

"ಕೋಟಿಲ್ದೆ ಬರೆದ್ರೆ ಅವರಿಗೆ ಗೊತ್ತಾಗ್ಬಿಡುತ್ತೆ ಅತ್ತೆ. ಅಕ್ಷರ ಬನೀನ್ ಹಾಕ್ಕೊಂಡು ನಿಂತಿರೋ ಹಾಗೆ ಕಾಣುತ್ತೆ."

ಬರೆದದ್ದನ್ನು ಕಳಿಸುವ ಮುನ್ನ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಲೇಬೇಕು, ಇದು ಅವರ ಹಟ. "ಕಣ್ಣು ಸುಳ್ಳನ್ನ ದಾಟ್ಕೊಂಡು ಹೋಗ್ಬಿಡುತ್ತೆ, ಕಿವಿ ಎಡವುತ್ತೆ" ಅನ್ನುತ್ತಾರೆ. ಮೊದಲೆಲ್ಲ ಆ ಕಿವಿ ನನ್ನ ಮಗಳದಾಗಿತ್ತು. ಅವಳು ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವವಳು. ಮಗುವಿನ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, "ಬಾ" ಎಂಬ ಒಂದೇ ಸದ್ದನ್ನು, ಆ ಮಗುವಿನ ಗಂಟಲಲ್ಲಿ ಅದು ಹುಟ್ಟುವವರೆಗೂ ಹೇಳುತ್ತಲೇ ಇರುವ ಕೆಲಸ. ದೂರದ ಊರಿನ ಶಾಲೆಯೊಂದು ಒಂದು ವರ್ಷದ ಮಟ್ಟಿಗೆ ಕರೆಯಿತು, ಹೋದಳು. ನಾನು ಮೊದಲಿನಿಂದಲೂ ಇವರ ಜೊತೆಗೇ ಇರುವವಳು. ಹೀಗಾಗಿ ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ಅಳಿಯ. ಪಕ್ಕದ ಮನೆಯ ದರ್ಜಿಯಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಯಿಂದಲೇ ಅನ್ನುತ್ತಿದ್ದಳು:

"ಲೋಕದಲ್ಲಿ ಗಂಡನ್ನ ಬಿಟ್ಟು ಹೆಂಡ್ತಿ ತವರಿಗೆ ಹೋಗ್ತಾಳೆ. ನಿಮ್ಮನೇಲಿ ತವರೇ ಬಂದು ಗಂಡನ ಹತ್ರ ಕೂತಿದೆಯಲ್ಲಮ್ಮ!"

ಮಗಳ ಜಾಗದಲ್ಲಿ ನಾನು ಕಿವಿಯಾದೆ. ಓದಿದ್ದು ಕಡಿಮೆಯಾದರೂ ಕೇಳಿಸಿಕೊಳ್ಳುವುದರಲ್ಲಿ ನನಗೆ ಬೇಸರವೆಂಬುದಿಲ್ಲ. ಸಂಜೆ ಚಹಾ ಆದ ಮೇಲೆ ನಾನು ಬೆಳ್ಳುಳ್ಳಿ ಸುಲಿಯುತ್ತಾ ಕೂರುವುದು, ಅವರು ಕೋಟಿನಲ್ಲಿ ಓದುವುದು. ಕೇಳಿದಂತೆಲ್ಲ ನನಗೆ ಗಾಬರಿ. ನಾನು ಬೆಳೆದ ಮನೆಯಲ್ಲಿ, ಕರೆದರೂ ಓಗೊಡದವರ ಹೊಸ್ತಿಲನ್ನು ಮತ್ತೆ ತುಳಿಯುತ್ತಿರಲಿಲ್ಲ. ಇಲ್ಲಿ ಒಬ್ಬರು, ಓಗೊಡದವರ ಬಾಗಿಲಲ್ಲೇ ಸಂಸಾರ ಹೂಡಿದ್ದಾರೆ!

"ಮಾನ ಹೋಗಲ್ವಾ ಅಳಿಯಂದ್ರೇ?"

"ಕೇಳಿದ್ದನ್ನೇ ಕೇಳಿದ್ರೆ ಹೋಗುತ್ತೆ" ಎಂದರು. ತಮ್ಮ ಕಂಪನಿಯ ಹೊಸಬನೊಬ್ಬ ಬರೆದದ್ದನ್ನು ಓದಿ ತೋರಿಸಿದರು: 'ನನ್ನ ಹಿಂದಿನ ಪತ್ರ ತಮಗೆ ತಲುಪಿದೆಯೆಂದು ಭಾವಿಸುತ್ತೇನೆ.' "ಇದು ಪತ್ರ ಅಲ್ಲ ಅತ್ತೆ, ಸಾಲಲ್ಲಿ ಹಿಂದೆ ನಿಂತೋರು ಮೊಣಕೈಲಿ ತಿವಿಯೋದು. ತಲುಪಿದೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಎರಡ್ನೇ ಸಲ ಹೋಗೋರು ಮೊದಲ್ನೇ ಸಲ ಕೇಳಿದ್ದನ್ನೇ ಕೇಳ್ಬಾರ್ದು. ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಹೋಗ್ಬೇಕು."

ಆ ದಿನಗಳಲ್ಲಿ ಅವರು ಬರೆಯುತ್ತಿದ್ದದ್ದು ಹೆಚ್ಚಾಗಿ ಒಬ್ಬ ಡಾಕ್ಟರಮ್ಮನಿಗೆ. ಆಕೆಯ ಕ್ಲಿನಿಕ್ಕಿನ ಹಳೆಯ ಕುರ್ಚಿ, ರೋಗಿ ಒರಗಿದ್ದಂತೆಯೇ ತಾನಾಗಿ ಇಷ್ಟಿಷ್ಟೇ ಕೆಳಗೆ ಜಾರುತ್ತದಂತೆ; ಕುರ್ಚಿ ಇಳಿದಂತೆ ಆಕೆಯೂ ಬಗ್ಗುತ್ತಾ, ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳಂತೆ. ಇದನ್ನು ಕಂಡು ಬಂದ ಇವರು, ಕುರ್ಚಿಯ ಮಾತೇ ಎತ್ತದೆ ಆಕೆಯ ಬೆನ್ನನ್ನು ವಿಚಾರಿಸಿ ಬರೆದರು. ಉತ್ತರವಿಲ್ಲ. ಮುಂದಿನದರಲ್ಲಿ, ಆ ಹಳೆಯ ಕುರ್ಚಿಯ ಎಣ್ಣೆ ಬದಲಿಸಿ ಜಾರಿಕೆ ತಡೆಯುವುದು ಹೇಗೆಂದು ವಿವರವಾಗಿ ಬರೆದುಬಿಟ್ಟರು. ನನ್ನ ಕೈಯ ಬೆಳ್ಳುಳ್ಳಿ ಜಾರಿ ಬಿತ್ತು.

"ಹಳೇದನ್ನ ರಿಪೇರಿ ಮಾಡೋದು ನೀವೇ ಹೇಳ್ಕೊಟ್ರೆ ಹೊಸದನ್ನ ಯಾರು ಕೊಳ್ತಾರೆ?"

"ಕೊಳ್ದೇ ಇರಬಹುದು. ಆದ್ರೆ ನನ್ನ ಮುಂದಿನ ಪತ್ರಾನ ತೆಗೀತಾರೆ."

ತೆಗೆದರು ಅಂತ ಕಾಣುತ್ತದೆ, ಒಂದು ದಿನ ಒಂದೇ ಸಾಲಿನ ಉತ್ತರ ಬಂತು: 'ನಿಮಗೆ ಬೇರೆ ಕೆಲಸವಿಲ್ಲವೇ?' ನನಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಇವರೋ, ಕೋಟಿನ ಗುಂಡಿ ಕಿತ್ತುಬರುವ ಹಾಗೆ ಎದ್ದು ನಿಂತು, "ಪ್ರಶ್ನೆ ಕೇಳಿದಾರೆ ಅತ್ತೆ! ಪ್ರಶ್ನೆಗೆ ಉತ್ತರ ಬರೀಬಹುದು!" ಎಂದು ಮಕ್ಕಳ ಹಾಗೆ ಹಿಗ್ಗಿದರು. ಬರೆದೂ ಬರೆದರು: 'ಇದೇ ನನ್ನ ಕೆಲಸ, ಡಾಕ್ಟರೇ.' ಮತ್ತೆ ಆಕೆ ಮೌನ.

ಹೀಗಿರುವಾಗ ಮಗಳು ಫೋನಿನಲ್ಲಿ ಒಂದು ಸಮಾಚಾರ ಹೇಳಿದಳು. ಶಾಲೆಯವರು ಅವಳನ್ನು ಕಾಯಂ ಮಾಡಿಕೊಳ್ಳುತ್ತೇವೆ ಅಂದಿದ್ದಾರೆ. ರಜೆ ಶುರುವಾಗುವುದರೊಳಗೆ ಸಹಿ ಹಾಕಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಸಹಿ ಹಾಕಿದರೆ ಅವಳು ಅಲ್ಲೇ, ಇವರು ಇಲ್ಲೇ.

"ನಿನ್ನ ಗಂಡ ಏನಂದ್ರು?"

"ಬಂದ್ಬಿಡು ಅಂದ್ರು."

"ನೀನು?"

"ನೋಡೋಣ ಅಂದೆ."

"ಆಮೇಲೆ?"

"ಆಮೇಲೆ ಏನೂ ಇಲ್ಲಮ್ಮ. ದಿನಾ ಫೋನ್ ಮಾಡ್ತಾರೆ. ಊಟ ಆಯ್ತಾ ಅಂತಾರೆ, ಆಯ್ತು ಅಂತೀನಿ. ಅತ್ತೆ ಚೆನ್ನಾಗಿದಾರೆ ಅಂತಾರೆ, ಸರಿ ಅಂತೀನಿ. ಆ ಮಾತು ಮಾತ್ರ ಮತ್ತೆ ಎತ್ತಿಲ್ಲ."

ಫೋನು ಇಟ್ಟೆ. 'ನೋಡೋಣ' ಎಂಬ ಮಾತನ್ನು ಇವರಷ್ಟು ಬಲ್ಲವರು ಯಾರು? ಆ ಮಾತಿನ ಹಿಂದೆ ಬಿದ್ದು ಊರೂರು ಅಲೆಯುವವರು, ಸ್ವಂತ ಹೆಂಡತಿಯ 'ನೋಡೋಣ'ವನ್ನು ಕೇಳಿ ಸುಮ್ಮನೆ ಕೂತಿದ್ದಾರೆ! ನೇರವಾಗಿ ಕೇಳಿಯೇಬಿಟ್ಟೆ.

"ಅವಳಿಗೆ ಇನ್ನೊಂದು ಸಲ ಹೇಳಿದ್ರಾ?"

"ಒಂದು ಸಲ ಹೇಳಿದೀನಲ್ಲ ಅತ್ತೆ."

"ಡಾಕ್ಟರಮ್ಮನಿಗೆ?"

"ಅದು ವ್ಯಾಪಾರ" ಎಂದರು. "ಇದು ಮನೆ."

ದರ್ಜಿಯಮ್ಮನಿಗೆ ಇದನ್ನು ನಾನು ಹೇಳಬಾರದಿತ್ತೇನೋ, ಬಾಯಿ ತಡೆಯಲಿಲ್ಲ. ಅವಳು ಹಲ್ಲಿನಲ್ಲಿ ದಾರ ಕಡಿದು, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಆ ಗಾದೆ ಇವರಿಗೆ ಒಗ್ಗುವುದಿಲ್ಲ ಎಂದು ನನಗೆ ಅನ್ನಿಸಿತು; ಮಾರಿಯ ಲಕ್ಷಣ ಇವರಲ್ಲಿ ಒಂದೂ ಇಲ್ಲ. ಆದರೆ ಮತ್ತೇನು ಇದೆ ಎಂದು ಹೇಳಲು ನನಗೂ ಬರಲಿಲ್ಲ.

ರಜೆ ಹತ್ತಿರ ಬಂತು. ಒಂದು ಸಂಜೆ ಇವರು ಡಾಕ್ಟರಮ್ಮನಿಗೆ ಕೊನೆಯ ಪತ್ರ ಬರೆದರು. ಎಲ್ಲರಿಗೂ ಕೊನೆಯದೊಂದು ಇರುತ್ತದಂತೆ. ಅದರಲ್ಲಿ ಮುನಿಸು ಇರಬಾರದು, ಬೇಡಿಕೆಯೂ ಇರಬಾರದು. ಆ ಪತ್ರ ನನಗೆ ಇನ್ನೂ ಬಾಯಿಗೆ ಬರುತ್ತದೆ:

'ಡಾಕ್ಟರೇ, ಈ ವಿಷಯದಲ್ಲಿ ಇದು ನನ್ನ ಕೊನೆಯ ಪತ್ರ. ನಿಮ್ಮ ಮೌನವನ್ನು ನಾನು ಅಗೌರವವೆಂದು ತಿಳಿದಿಲ್ಲ. ಕೆಲಸದಲ್ಲಿ ಮುಳುಗಿದವರಿಗೆ ಉತ್ತರ ಬರೆಯುವುದೂ ಒಂದು ಕೆಲಸವೇ. ಹಳೆಯ ಕುರ್ಚಿ ನಿಮ್ಮ ಮಾತು ಕೇಳುತ್ತಿದ್ದರೆ ಸಂತೋಷ. ಬೇಡವೆನ್ನಲು ಒಂದು ಪದ ಸಾಕು, ಬೇಕೆನ್ನಲೂ ಒಂದೇ ಪದ ಸಾಕು. ನಾನು ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತಿದ್ದೇನೆ, ಚಿಲಕ ಹಾಕಿಲ್ಲ.'

ಅದನ್ನು ಕೇಳಿ ನನ್ನ ಕಣ್ಣು ಒದ್ದೆಯಾಯಿತು. ಬೆಳ್ಳುಳ್ಳಿಯ ಮೇಲೆ ತಪ್ಪು ಹೊರಿಸಿದೆ.

ಮಾರನೆಯ ಬೆಳಿಗ್ಗೆ ಅವರು ಇನ್ನೂ ಕೋಟು ತೊಡುತ್ತಿರುವಾಗಲೇ ಲ್ಯಾಪ್‌ಟಾಪ್ ಸದ್ದು ಮಾಡಿತು. ಒಂದು ತೋಳು ಒಳಗೆ, ಒಂದು ತೋಳು ಹೊರಗೆ. ಹಾಗೇ ಬಗ್ಗಿ ನೋಡಿದರು. "ಕೊನೇ ಪತ್ರಕ್ಕೆ ಉತ್ತರ ಬಂತು ಅತ್ತೆ! ನಾನು ಹೇಳಿರ್ಲಿಲ್ವಾ? ಉದ್ದಕ್ಕೇ ಬರೆದಿದಾರೆ, ಕೇಳಿ" ಎಂದು, ಯಾರು ಬರೆದದ್ದೆಂದು ಹೆಸರನ್ನೂ ನೋಡದೆ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದರು.

'ಮಾನ್ಯರೇ, ನೀವು ಬರೆದ ಪತ್ರಗಳೆಲ್ಲ ತಲುಪಿವೆ. ಒಂದನ್ನೂ ಬಿಡದೆ ಓದಿದ್ದೇನೆ. ಡಾಕ್ಟರ ಸೊಂಟ, ಕುರ್ಚಿಯ ಎಣ್ಣೆ, ಯಾವುದನ್ನೂ ನೀವು ಮರೆಯುವವರಲ್ಲ. ನನಗೂ ಒಂದು ಸೊಂಟವಿದೆ. ದಿನವಿಡೀ ಮಕ್ಕಳ ಎತ್ತರಕ್ಕೆ ಬಗ್ಗಿ...'

ಅಲ್ಲಿಗೆ ಅವರ ದನಿ ನಿಂತಿತು. ನಾನು ತಲೆಯೆತ್ತಿದೆ. ಖಾಲಿ ತೋಳು ನೇತಾಡುತ್ತಿತ್ತು. ಮುಂದಿನದನ್ನು ಅವರು ಓದಿದ್ದು ನನಗಾಗಿ ಅಲ್ಲ, ಬಾಯಿ ತನ್ನಷ್ಟಕ್ಕೆ ಓದಿತು:

'ಕುರ್ಚಿ ನನಗೆ ಬೇಡ. ಒಂದೇ ಪ್ರಶ್ನೆ. ನನಗೆ ಮಾತ್ರ ಯಾಕೆ ಒಂದೇ ಸಲ?'

ನನ್ನ ಮಗಳು! ಹೇಗಾಯಿತೆಂದು ಅವರಿಗೇ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಇಲ್ಲಿದ್ದಾಗ, ತಪ್ಪೇನಾದರೂ ಉಳಿದಿದ್ದರೆ ಹೇಳಲಿ ಎಂದು, ತಾವು ಕಳಿಸುವ ಪ್ರತಿಯೊಂದು ಪತ್ರದ ನಕಲೂ ತಾನಾಗಿ ಅವಳಿಗೆ ಹೋಗುವಂತೆ ಇವರು ಏರ್ಪಾಟು ಮಾಡಿದ್ದರಂತೆ. ಅವಳು ಊರು ಬಿಟ್ಟಳು, ಇವರು ನನ್ನ ಕಿವಿಗೆ ಓದತೊಡಗಿ ಅದನ್ನು ಮರೆತರು, ಯಂತ್ರ ಮರೆಯಲಿಲ್ಲ. ಪರರ ಬಾಗಿಲಲ್ಲಿ ಗಂಡ ತೋರಿಸಿದ ತಾಳ್ಮೆಯನ್ನೆಲ್ಲ ಅವಳು ಅಷ್ಟು ದೂರದಲ್ಲಿ ಒಬ್ಬಳೇ ಕೂತು, ಸಂಜೆ ಸಂಜೆಯೂ ಓದಿದ್ದಾಳೆ. ಓದಿ, ಫೋನಿನಲ್ಲಿ "ಊಟ ಆಯ್ತು" ಅಂದಿದ್ದಾಳೆ.

ಅವರು ಕುರ್ಚಿಯಲ್ಲಿ ಕುಸಿದರು. ಗೋಡೆಗೆ ಹೇಳುವವರಂತೆ ಹೇಳಿದರು:

"ಡಾಕ್ಟರು ಬೇಡ ಅಂದ್ರೆ ಕುರ್ಚಿ ಗೋಡೌನಲ್ಲಿರುತ್ತೆ ಅತ್ತೆ. ಇವಳು ಬೇಡ ಅಂದ್ರೆ ನಾನು ಎಲ್ಲಿರ್ಲಿ?"

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾನು ಇವರನ್ನು ಬಿಂಕದವರೆಂದು ತಿಳಿದಿದ್ದೆ. ಬಿಂಕವಲ್ಲ, ಭಯ! ಉಪ್ಪು ಕೇಳುವುದಕ್ಕೂ ಭಯ.

"ಈಗೇನು ಮಾಡ್ತೀರಿ?" ಎಂದೆ. "ಬಾ ಅಂತ ಇನ್ನೊಂದು ಸಲ ಬರೀರಿ."

"ಬರೆಯೋ ಹಾಗಿಲ್ಲ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವರು ಎದ್ದು ನಿಂತು ಇನ್ನೊಂದು ತೋಳನ್ನೂ ಕೋಟಿನೊಳಗೆ ಸೇರಿಸುತ್ತಿದ್ದರು. "ಮೊದಲ್ನೇ ಸಲ ಕೇಳಿದ್ದನ್ನೇ ಕೇಳೋ ಹಾಗಿಲ್ಲ ಅತ್ತೆ. ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಹೋಗ್ಬೇಕು." ಗುಂಡಿ ಹಾಕಿಕೊಂಡರು. ಕೋಣೆಯಲ್ಲಿ ಎರಡು ಸುತ್ತು ಓರೆಯಾಗಿ ನಡೆದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಆ ಊರಿಗೆ ಬರ್ತೀರಾ? ನಿಮ್ಮ ಅನುಕೂಲ ನೋಡ್ಕೊಂಡು" ಎಂದರು.

"ಯಾವ ಊರಿಗೆ?"

"ಅವಳಿರೋ ಊರಿಗೆ. ಅವಳು ಸಹಿ ಹಾಕ್ಲಿ. ನಾವು ಹೋಗೋಣ."

"ನಿಮ್ಮ ಕೆಲ್ಸ?"

"ಹಲ್ಲು ಎಲ್ಲಾ ಊರಲ್ಲೂ ಹುಳುಕಾಗುತ್ತೆ ಅತ್ತೆ."

ಈ ಮನೆ, ಈ ಕಿಟಕಿ, ಗೊಣಗಿದರೂ ಆಗಿಬರುವ ದರ್ಜಿಯಮ್ಮ, ಎಲ್ಲವನ್ನೂ ಒಂದು ಉಸಿರಿನಲ್ಲಿ ಎತ್ತಿ ಅತ್ತ ಇಟ್ಟುಬಿಟ್ಟರಲ್ಲ! "ಬರ್ತೀನಿ" ಎಂದು ನನ್ನ ಬಾಯಿಯೇ ಹೇಳಿತು. ಅವರು ಬರೆದರು. ಆ ಒಂದು ಪತ್ರವನ್ನು ಮಾತ್ರ ನನಗೆ ಓದಿ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದೆ.

ಉತ್ತರ ಬರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಫೋನಿನಲ್ಲಿ ಅವಳು ಊಟ ಆಯ್ತು ಅನ್ನುತ್ತಾಳೆ, ಮಿಕ್ಕ ಮಾತಿಲ್ಲ. ಸಹಿಯ ದಿನ ಮೈಮೇಲೆ ಬರುತ್ತಿದೆ. ಇವರು ಮತ್ತೆ ಕೋಟು ತೊಟ್ಟು ಕೂತರು. ಈ ಸಲ ಆ ಊರಲ್ಲಿ ಅವಳ ಶಾಲೆಗೆ ಹತ್ತಿರದ ಮನೆಗಳನ್ನು ವಿಚಾರಿಸಿ, ಅತ್ತೆಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲದ್ದು ಯಾವುದೆಂದು ಬರೆದರಂತೆ. ಅದಕ್ಕೂ ಮೌನ. ಅವರು ಕೋಟಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡದ್ದನ್ನು ನಾನು ಕಂಡೆ. ಡಾಕ್ಟರಮ್ಮನ ಮೌನಕ್ಕೆ ಒಂದು ಗುಂಡಿಯೂ ತಪ್ಪಿರಲಿಲ್ಲ! ಹಾಗೇ ಇನ್ನೊಂದನ್ನೂ ಬರೆದರು; ಬರೆಯುವಾಗ ಏನನ್ನೋ ನೆನೆದು ಒಬ್ಬರೇ ನಕ್ಕರು.

ಆ ಮೂರನೆಯದು ಹೋಗಿ ನಾನು ಚಹಾಕ್ಕೆ ನೀರಿಡುವಷ್ಟರಲ್ಲಿ ಮಗಳ ಫೋನು ಬಂತು, ಅದೂ ನನಗೆ.

"ಅಮ್ಮಾ, ಸಹಿ ಹಾಕ್ದೆ. ಮೆಟ್ಟಿಲಿಲ್ಲದ ಮನೇನ ಹೋಗಿ ನೋಡ್ಕೊಂಡೂ ಬಂದೆ. ಸಾಮಾನು ಕಟ್ಟೋಕೆ ಶುರು ಮಾಡಿ."

"ಅಲ್ಲ ಕಣೇ, ಅವರು ಅವತ್ತೇ ಬರೆದ್ರಲ್ಲ! ಇಷ್ಟು ದಿನ ಏನ್ಮಾಡ್ತಿದ್ದೆ?"

ಆ ಕಡೆ ನಗು. "ಮೊದಲ್ನೇದಕ್ಕೇ ಉತ್ತರ ಬರೆದಿಟ್ಟಿದ್ದೆ. ಕಳಿಸ್ಲಿಲ್ಲ. ಇನ್ನೂ ಬರ್ತವಾ ನೋಡೋಣ ಅಂತ."

"ಅಯ್ಯೋ ಪಾಪೀ! ಇಲ್ಲಿ ಎರಡು ಜೀವ..."

"ನಾನು ಒಂದು ಪದಾನ ದಿನಕ್ಕೆ ಎಷ್ಟು ಸಲ ಹೇಳ್ತೀನಿ ಗೊತ್ತಾ ಅಮ್ಮ? ನನಗೂ ಯಾರಾದ್ರೂ ಹೇಳ್ಲಿ ಅನ್ನಿಸ್ತು."

ಹೆತ್ತವಳಿಗೇ ಗೊತ್ತಿರದ ಹುಡುಗಿ! ಒಲೆಯ ಮೇಲಿನ ನೀರು ಕುದ್ದು ಬತ್ತುವವರೆಗೂ ನಾನು ನಿಂತೇ ಇದ್ದೆ.

ಡಾಕ್ಟರಮ್ಮ ಬೇರೆ ಕಂಪನಿಯ ಕುರ್ಚಿ ಕೊಂಡರೆಂದು ಆಮೇಲೆ ತಿಳಿಯಿತು. ಹೊರಡುವ ಮುನ್ನ ಇವರು ಆಕೆಗೆ, ಹೊಸ ಕುರ್ಚಿಯ ಪೆಡಲು ಮೊದಮೊದಲು ಬಿಗಿಯಾಗಿರುತ್ತದೆ, ಗಾಬರಿಯಾಗಬೇಡಿ ಎಂದು ಬರೆದರು. ಇನ್ನೂ ಯಾಕೆ ಎಂದರೆ, "ಅದೂ ಹಳೇದಾಗುತ್ತೆ ಅತ್ತೆ" ಅನ್ನುತ್ತಾರೆ. ಮಗಳಿಗೆ ಪತ್ರದ ನಕಲು ಹೋಗುವ ಆ ಏರ್ಪಾಟನ್ನು ತೆಗೆಯುತ್ತೀರಾ ಎಂದು ಕೇಳಿದೆ. ಬೇಡ, ಇರಲಿ ಎಂದರು.

ಹಳೆಯ ಮನೆಯ ಕೊನೆಯ ಊಟ. ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಒಂದು ಬಾಣಲೆ ಹೊರಗಿತ್ತು. ನಾನು ಬೇಕೆಂದೇ ಉಪ್ಪು ಕಡಿಮೆ ಹಾಕಿದ್ದೆ. "ಅತ್ತೆ, ಉಪ್ಪು" ಎಂದರು. ಕೇಳಿಸಿತು, ಒಲೆಯ ಕಡೆ ತಿರುಗಿ ಸುಮ್ಮನೆ ನಿಂತೆ. ಮಗಳ ತಾಯಿಯಲ್ಲವೇ ನಾನು. ಒಂದು ತುತ್ತು ಉಂಡ ಸದ್ದು. ಇನ್ನೊಂದು ತುತ್ತಿನ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡದ್ದು.

"ಅತ್ತೆ... ಉಪ್ಪು ಬೇಕಿತ್ತು."

ಡಬ್ಬಿಯನ್ನೇ ಮುಂದಿಟ್ಟೆ. ಅಭ್ಯಾಸವಿಲ್ಲದ ಕೈ, ಹೆಚ್ಚಾಗಿ ಸುರಿದುಕೊಂಡು ಊಟವನ್ನು ಪೂರಾ ಕೆಡಿಸಿಕೊಂಡರು. "ಚೆನ್ನಾಗಿದೆ" ಎಂದು ಉಂಡರು.

ಲೋಕದಲ್ಲಿ ಇಂಥವರು ಇವರೊಬ್ಬರೇ ಅಲ್ಲವೆಂದು ಈಗ ನನಗೆ ಕಾಣುತ್ತದೆ. ಪರರ ಬಾಗಿಲನ್ನು ನೂರು ಸಲ ತಟ್ಟಬಲ್ಲವರು, ಅಲ್ಲಿ ಕಳೆದುಕೊಳ್ಳುವುದು ಕಡಿಮೆಯಾದ್ದರಿಂದ ಅಂಜುವುದಿಲ್ಲ. ತಮ್ಮ ಪ್ರಾಣವೇ ಇರುವ ಬಾಗಿಲನ್ನು ಮಾತ್ರ ಉಗುರಿನ ತುದಿಯಿಂದ ಒಮ್ಮೆ ಸೋಕಿ, ಒಳಗಿನವರಿಗೆ ಕೇಳಿಸಿತೋ ಇಲ್ಲವೋ ಎಂದೂ ನೋಡದೆ ಹಿಂದೆ ಸರಿದು ನಿಲ್ಲುತ್ತಾರೆ. ನಾವು ಅದನ್ನು ಬಿಂಕವೆಂದೋ, ತಾತ್ಸಾರವೆಂದೋ, ಮಾರಿಯೆಂದೋ ಕರೆದು ಸುಮ್ಮನಾಗುತ್ತೇವೆ. ಅಂಥವರ ಜೊತೆ ಬಾಳುವವರು ಒಲೆಯ ಕಡೆ ತಿರುಗಿದ್ದಾಗಲೂ ಒಂದು ಕಿವಿಯನ್ನು ಅವರ ಕಡೆಗೇ ಇಟ್ಟಿರಬೇಕು. ಹಾಗೆಂದು ಕೇಳಿಸಿದ್ದನ್ನೆಲ್ಲ ಆ ಕ್ಷಣವೇ ಕೇಳಿಸಿತೆಂದು ಒಪ್ಪಿಕೊಳ್ಳಲೂಬಾರದು.